ಉಪಾಧ್ಯಾಯನ ವೃತ್ತಿವಿಕಾಸ: ಸ್ವಶಕ್ತಿಯ ಪೋಷಣೆ ಮತ್ತು ಸದ್ವಿಮರ್ಶೆಯ ಸ್ವೀಕಾರ

ಕನ್ನಡದಲ್ಲಿ ಉಪಲಬ್ಧವಿರುವ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು ಕ್ರಿ. ಶ. ೯ನೆಯ ಶತಮಾನದ ‘ಕವಿರಾಜಮಾರ್ಗ’. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಲಕ್ಷಣಗ್ರಂಥದ ಮೊದಲನೆಯ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಶಬ್ದಾಲಂಕಾರ, ಅರ್ಥಾಲಂಕಾರಗಳ ವಿಚಾರ ಬರುವುದು ಆ ಬಳಿಕ. ಚೆಲುವಿನ ಮಾತಿಗೆ ಮುನ್ನ ತಪ್ಪು ಒಪ್ಪುಗಳ ಮಾತು ಬಂದಿರುವುದು ಅರ್ಥಪೂರ್ಣವಾಗಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದು. ಅಂತೆಯೇ ಕವಿಯು ತನ್ನ ಕೃತಿಯ ದೋಷವನ್ನು ತಾನೇ ಅರಿಯಲಾರನೆಂಬ ಹೋಲಿಕೆಯೂ ಆ ಗ್ರಂಥದಲ್ಲಿ ಬರುತ್ತದೆ. ೧೩ನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಂತಹ ಶಾಸ್ತ್ರಗ್ರಂಥವನ್ನು ರಚಿಸಿಯೂ, ದೋಷವಿದ್ದರೆ ಬಲ್ಲವರು ಪ್ರೀತಿಯಿಂದ ತಿದ್ದಬೇಕೆಂದು ಬೇಡಿಕೊಂಡನು. ತಿದ್ದಿಸಿಕೊಳ್ಳುವುದು ಹೀನಾಯವಲ್ಲ, ವಿದ್ಯೆಯ ಲಕ್ಷಣವೆಂಬುದು ಈ ನಾಡಿನ ವಿದ್ವತ್ಪರಂಪರೆಯಲ್ಲಿ ಮೊದಲಿನಿಂದಲೂ ನೆಲೆಗೊಂಡ ಮಾತು.

ಕವಿಗೆ ಸಹೃದಯನುಂಟು. ಅಕ್ಕಸಾಲಿಗನಿಗೆ ಒರೆಗಲ್ಲುಂಟು. ಒಕ್ಕಲಿಗನ ಉಳುಮೆಯಲ್ಲಿ ಲೋಪವಿದ್ದರೆ ಹೊಲವೇ ಆ ವರ್ಷ ಹೇಳಿಬಿಡುತ್ತದೆ. ಆದರೆ ಉಪಾಧ್ಯಾಯನು ನಿತ್ಯವೂ ನಿಲ್ಲುವುದು ತನ್ನನ್ನು ತಿದ್ದಲಾರದವರ ಮುಂದೆ. ಮಕ್ಕಳು ಅವನಿಗಿಂತ ಕಿರಿಯರು. ಅವನ ಮಾತನ್ನು ಪ್ರಮಾಣವೆಂದು ನಂಬುವವರು. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದ ಪಾಠ ಹೇಗಿತ್ತೆಂಬುದನ್ನು ಬಲ್ಲ ಸಮಾನಸ್ಕಂಧನು ಅಲ್ಲಿರುವುದಿಲ್ಲ. ಈ ಕಾರಣದಿಂದ ಬೇರಾವ ವೃತ್ತಿಗಿಂತಲೂ ಈ ವೃತ್ತಿಯಲ್ಲಿ ಮನುಷ್ಯನು ಬೆಳೆಯದೆಯೇ ಹಳಬನಾಗುವ ಅಪಾಯ ಹೆಚ್ಚು. ಮೂವತ್ತು ವರ್ಷದ ಸೇವೆಯು ಮೂವತ್ತು ವರ್ಷದ ಅನುಭವವಾಗಿರಬಹುದು. ಒಂದೇ ವರ್ಷದ ಅನುಭವದ ಮೂವತ್ತು ಆವೃತ್ತಿಯೂ ಆಗಿರಬಹುದು.

ಸ್ವಶಕ್ತಿಯ ಶೋಧ

ವೃತ್ತಿಯಲ್ಲಿ ಬೆಳೆಯಬೇಕೆನ್ನುವವನು ಮೊದಲು ತನ್ನಲ್ಲಿರುವ ಶಕ್ತಿ ಯಾವುದೆಂದು ಅರಿಯಬೇಕು. ಒಬ್ಬ ಉಪಾಧ್ಯಾಯನಿಗೆ ಕಂಠಮಾಧುರ್ಯವಿದೆ. ಅವನು ಕಾವ್ಯವನ್ನು ಓದಿದರೆ ಅರ್ಥವು ಅರ್ಧ ತಾನಾಗಿ ತೆರೆಯುತ್ತದೆ. ಮತ್ತೊಬ್ಬನಿಗೆ ಕ್ರಮಬದ್ಧತೆಯಿದೆ, ಅವನು ಕರಿಹಲಗೆಯ ಮೇಲೆ ಬರೆದುದು ಗಂಟೆಯ ಕೊನೆಗೆ ಅಚ್ಚುಕಟ್ಟಾದ ಪಾಠವಾಗಿ ನಿಂತಿರುತ್ತದೆ. ಇನ್ನೊಬ್ಬನಿಗೆ ಮಕ್ಕಳ ಮುಖವನ್ನು ಓದುವ ಕಣ್ಣಿದೆ. ಯಾರು ಉಂಡಿಲ್ಲ, ಯಾರು ಅತ್ತಿದ್ದಾರೆ, ಯಾರಿಗೆ ತಿಳಿಯದೆಯೇ ತಲೆಯಾಡಿಸುತ್ತಿದ್ದಾರೆ ಎಂಬುದು ಅವನಿಗೆ ಹೇಳದೆಯೇ ಗೊತ್ತಾಗುತ್ತದೆ. ಮೊದಲನೆಯವನು ಎರಡನೆಯವನನ್ನು ಅನುಕರಿಸಹೋದರೆ ಎರಡೂ ಕೆಡುತ್ತವೆ. ಕಂಠವುಳ್ಳವನು ಛಂದಸ್ಸನ್ನು ಆಳವಾಗಿ ಅಭ್ಯಾಸ ಮಾಡಲಿ. ಕ್ರಮವುಳ್ಳವನು ತನ್ನ ವಿಷಯದ ಹೊಸ ಗ್ರಂಥಗಳನ್ನು ವರ್ಷವರ್ಷವೂ ಓದಲಿ. ಕಣ್ಣುಳ್ಳವನು ಮಕ್ಕಳ ಮನಶ್ಶಾಸ್ತ್ರವನ್ನು ತಿಳಿಯಲಿ. ಇದ್ದುದನ್ನು ಬೆಳೆಸಿದಲ್ಲದೆ ಇಲ್ಲದುದನ್ನು ಗಳಿಸುವ ಧೈರ್ಯವೂ ಹುಟ್ಟದು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮನುಷ್ಯನು ತನ್ನ ದೌರ್ಬಲ್ಯವಿರುವ ಕಡೆ ಎಚ್ಚರದಿಂದಿರುತ್ತಾನೆ. ಶಕ್ತಿಯಿರುವ ಕಡೆ ನಿಶ್ಚಿಂತನಾಗಿರುತ್ತಾನೆ. ಹೀಗಾಗಿ ಅವನ ದೊಡ್ಡ ದೋಷವು ಅನೇಕ ವೇಳೆ ಅವನ ದೊಡ್ಡ ಶಕ್ತಿಯ ನೆರಳಿನಲ್ಲಿಯೇ ಮನೆ ಮಾಡಿಕೊಂಡಿರುತ್ತದೆ. ಕಾಡಿಗೆ ಇರುವುದು ಕಣ್ಣಿಗೆ ಅತಿ ಸಮೀಪದಲ್ಲಿ. ಈ ತತ್ತ್ವವನ್ನು ಶರಣರ ಚರಿತ್ರೆಯು ಎರಡು ಪ್ರಸಂಗಗಳಲ್ಲಿ ಎತ್ತಿ ತೋರಿಸಿದೆ.

ಸೊನ್ನಲಿಗೆಯ ಕೆರೆ

‘ಶೂನ್ಯಸಂಪಾದನೆ’ಯಲ್ಲಿ ಬರುವ ಸಿದ್ಧರಾಮೇಶ್ವರರ ಪ್ರಸಂಗ ಎಲ್ಲರಿಗೂ ಪರಿಚಿತ. ಸೊನ್ನಲಿಗೆಯನ್ನು ಕ್ಷೇತ್ರವನ್ನಾಗಿ ಮಾಡಿ, ಗುಡಿ ಕಟ್ಟಿಸಿ, ಕೆರೆ ತೋಡಿಸಿ, ಸಾವಿರಾರು ಜನರನ್ನು ಲೋಕಹಿತದ ದುಡಿಮೆಯಲ್ಲಿ ತೊಡಗಿಸಿದ ಮಹಾಪುರುಷರು ಅವರು. ಅಲ್ಲಿಗೆ ಅಲ್ಲಮಪ್ರಭುದೇವರು ಬಂದರು. ಬಂದವರು ಕೆರೆಯನ್ನು ಹೊಗಳಲಿಲ್ಲ. ಮಣ್ಣುಗೆಲಸದವನೆಂದು ಸಿದ್ಧರಾಮರನ್ನು ಲಘುವಾಗಿ ಹೆಸರಿಟ್ಟು ಕರೆದರು. ಗುರುನಿಂದೆಯನ್ನು ತಾಳಲಾರದ ಶಿಷ್ಯರು ಕಲ್ಲೆಸೆದರು. ಸುದ್ದಿ ತಿಳಿದ ಸಿದ್ಧರಾಮರೂ ಕೋಪದಿಂದಲೇ ಬಂದರು. ಆ ಬಳಿಕ ನಡೆದುದು ಕನ್ನಡ ಸಾಹಿತ್ಯದ ಶ್ರೇಷ್ಠ ಸಂವಾದಗಳಲ್ಲಿ ಒಂದು.

ಪ್ರಭುದೇವರ ವಿಮರ್ಶೆ ಯಾವುದರ ಮೇಲೆ ಎಂಬುದನ್ನು ಗಮನಿಸಬೇಕು. ಸಿದ್ಧರಾಮರು ಸೋಮಾರಿಗಳಾಗಿರಲಿಲ್ಲ, ಸ್ವಾರ್ಥಿಗಳಾಗಿರಲಿಲ್ಲ. ಅಂತಹ ದೋಷವಿದ್ದರೆ ಯಾರಾದರೂ ತೋರಿಸಬಹುದಾಗಿತ್ತು. ಅವರ ದೊಡ್ಡ ಬಲವೇ ಪರೋಪಕಾರದ ಕಾರ್ಯ. ‘ಮಾಡಿದೆ’ನೆಂಬ ಭಾವವು ಆ ಕಾರ್ಯದ ಒಡಲಲ್ಲಿಯೇ ಅಡಗಿತ್ತು. ಜಗತ್ತೆಲ್ಲವೂ ಕೊಂಡಾಡುತ್ತಿದ್ದ ಸ್ಥಳಕ್ಕೇ ಪ್ರಭುದೇವರು ಬೆರಳಿಟ್ಟರು. ಅದನ್ನು ಶಿಷ್ಯರು ಕಾಣಲಾರದಾದರು. ಅಭಿಮಾನಿಗಳು ಕಾಣುವುದೂ ಕಷ್ಟ. ಕಲ್ಲೆಸೆದವರು ಗುರುವನ್ನು ಪ್ರೀತಿಸಿದವರೇ ಆಗಿದ್ದರು. ಆದರೆ ಗುರುವಿನ ಬೆಳವಣಿಗೆಗೆ ಸಹಾಯಕವಾದುದು ಅವರ ಪ್ರೀತಿಯಲ್ಲ, ಹೊರಗಿನಿಂದ ಬಂದವರ ಕಟುವಾಕ್ಯ.

ಸಿದ್ಧರಾಮರ ಹಿರಿಮೆಯಿರುವುದು ತಮ್ಮ ಕೋಪವನ್ನು ಪ್ರಶ್ನೆಯಾಗಿ ಮಾರ್ಪಡಿಸಿಕೊಂಡುದರಲ್ಲಿ. ಅವರು ವಾದಿಸಿದರು, ಕೇಳಿದರು, ಒಪ್ಪಿದರು, ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು. ಮುಂದೆ ಶೂನ್ಯಪೀಠವನ್ನೇರಿದವರ ಪರಂಪರೆಯಲ್ಲಿ ಅವರ ಹೆಸರೂ ನಿಂತಿತು. ಇನ್ನೊಂದು ಮಾತನ್ನು ಮರೆಯಬಾರದು: ಆ ವಿಮರ್ಶೆಯಿಂದ ಕೆರೆ ಒಡೆಯಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಬಳಸಿ ಇಂದಿಗೂ ನೀರು ನಿಂತಿದೆ. ಸದ್ವಿಮರ್ಶೆಯು ಮನುಷ್ಯನ ಶಕ್ತಿಯನ್ನು ನಾಶಗೊಳಿಸುವುದಿಲ್ಲ. ಅದಕ್ಕೆ ಅಂಟಿದ ಕಶ್ಮಲವನ್ನು ಕಳೆಯುತ್ತದೆ.

ಲಕ್ಕಮ್ಮನವರ ಎಚ್ಚರಿಕೆ

ಎರಡನೆಯದು ಆಯ್ದಕ್ಕಿ ದಂಪತಿಗಳ ಪ್ರಸಂಗ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅದರಿಂದಲೇ ಮನೆಯ ದಾಸೋಹ. ಒಮ್ಮೆ ಅವರು ಅನುಭಾವಗೋಷ್ಠಿಯಲ್ಲಿ ಮೈಮರೆತರು. ಕಾಯಕ ನಿಂತುಹೋದುದನ್ನು ಪತ್ನಿ ಲಕ್ಕಮ್ಮನವರು ನೆನಪಿಸಿದರು. ಎಚ್ಚೆತ್ತ ಮಾರಯ್ಯನವರು ಹೋಗಿ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಆಗಲೂ ಸುಮ್ಮನಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ತಂದುದು ಆಸೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ವಿಮರ್ಶಕರು ದೂರದಿಂದ ಬಂದ ಜ್ಞಾನಿಗಳಲ್ಲ, ದಿನವೂ ಜೊತೆಯಲ್ಲಿ ಬಾಳುವವರು. ಕೆಲಸದ ಕೊರತೆಯನ್ನು ಕಂಡಾಗ ಹೇಳಿದಂತೆಯೇ ಕೆಲಸದ ಅತಿಯನ್ನು ಕಂಡಾಗಲೂ ಹೇಳಿದರು. ಗಂಡನೆಂಬ ದಾಕ್ಷಿಣ್ಯ ಅವರನ್ನು ತಡೆಯಲಿಲ್ಲ. ಹೆಂಡತಿಯ ಮಾತೆಂಬ ಅಸಡ್ಡೆ ಮಾರಯ್ಯನವರಲ್ಲಿ ತೋರಲಿಲ್ಲ. ವಿಮರ್ಶೆಯು ಯಾರ ಬಾಯಿಂದ ಬಂದಿತೆಂಬುದಕ್ಕಿಂತ ಅದರಲ್ಲಿ ಸತ್ಯವೆಷ್ಟಿದೆಯೆಂಬುದೇ ಮುಖ್ಯ. ಹಿರಿಯ ಪಂಡಿತನು ನಿನ್ನೆ ಸೇರಿದ ಕಿರಿಯ ಸಹೋದ್ಯೋಗಿಯ ಮಾತನ್ನು ಕೇಳಲು ಸಿದ್ಧನಿರುವನೇ ಎಂಬುದು ಅವನ ಪಾಂಡಿತ್ಯಕ್ಕೆ ನಿಜವಾದ ಪರೀಕ್ಷೆ.

ತರಗತಿಯಲ್ಲಿ ಒಂದು ನಿದರ್ಶನ

ಈ ತತ್ತ್ವವು ಶಾಲೆಯ ನಾಲ್ಕು ಗೋಡೆಗಳ ನಡುವೆ ಹೇಗೆ ಕಾಣಿಸಿಕೊಳ್ಳುವುದೆಂಬುದಕ್ಕೆ ಒಂದು ಸನ್ನಿವೇಶವನ್ನು ಊಹಿಸಬಹುದು. ಒಬ್ಬ ಕನ್ನಡ ಪಂಡಿತನಿದ್ದಾನೆ. ವ್ಯಾಕರಣ ಅವನ ಬಲ. ಸೂತ್ರಗಳು ನಾಲಗೆಯ ತುದಿಯಲ್ಲಿವೆ. ಲೋಪ, ಆಗಮ, ಆದೇಶ ಸಂಧಿಗಳನ್ನು ಅವನು ವಿವರಿಸುವ ಸ್ಪಷ್ಟತೆಯನ್ನು ಪರಿವೀಕ್ಷಕರೂ ಮೆಚ್ಚಿದ್ದಾರೆ. ‘ಊರು’ ಮತ್ತು ‘ಅನ್ನು’ ಸೇರಿ ‘ಊರನ್ನು’ ಆಗುವಾಗ ಪೂರ್ವಪದದ ಕೊನೆಯ ಸ್ವರ ಲೋಪವಾಗುವುದೆಂಬುದು ತರಗತಿಯ ಮಕ್ಕಳೆಲ್ಲರಿಗೂ ಕಂಠಪಾಠ. ಪರೀಕ್ಷೆಯಲ್ಲಿ ‘ಹೊಲವನ್ನು’ ಎಂಬ ಪದವನ್ನು ಬಿಡಿಸಿ ಸಂಧಿಯನ್ನು ಹೆಸರಿಸಲು ಕೇಳಲಾಯಿತು. ‘ಹೊಲ’ ಮತ್ತು ‘ಅನ್ನು’ ಪದಗಳ ನಡುವೆ ವಕಾರ ಬಂದಿರುವುದು ಕಣ್ಣಿಗೇ ಕಾಣುವಂತಿದೆ, ಅದು ಆಗಮಸಂಧಿ. ಆದರೆ ಅರ್ಧಕ್ಕರ್ಧ ಮಕ್ಕಳು ‘ಲೋಪಸಂಧಿ’ ಎಂದು ಬರೆದರು.

ಪಂಡಿತನಿಗೆ ಮೊದಲು ಬರುವುದು ಸಿಟ್ಟು: ‘ಎಷ್ಟು ಹೇಳಿದರೂ ಈ ಮಕ್ಕಳ ತಲೆಗೆ ಹತ್ತುವುದಿಲ್ಲ.’ ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ಸಹೋದ್ಯೋಗಿಯು ಆ ಉತ್ತರಪತ್ರಿಕೆಗಳನ್ನು ನೋಡಿ ಮೆಲ್ಲನೆ ಒಂದು ಮಾತು ಹೇಳುತ್ತಾನೆ: ‘ಪಂಡಿತರೇ, ಮಕ್ಕಳು ಸಂಧಿಯನ್ನು ನೋಡಿಯೇ ಇಲ್ಲ. “ಅನ್ನು” ಕಂಡರೆ ಲೋಪವೆಂದು ಗುರುತಿಟ್ಟುಕೊಂಡಿದ್ದಾರೆ. ತಮ್ಮ ಉದಾಹರಣೆ ಅಷ್ಟು ಚೆನ್ನಾಗಿ ನೆನಪಿನಲ್ಲಿ ನಿಂತಿದೆ.’ ಈ ಮಾತು ಇರಿಯುತ್ತದೆ. ಏಕೆಂದರೆ ಅದು ನಿಜ. ಸೂತ್ರವನ್ನು ಅಷ್ಟು ಸುಂದರವಾಗಿ ತಾನೇ ಹೇಳಿಬಿಡುತ್ತಿದ್ದುದರಿಂದ ಪದವನ್ನು ಬಿಡಿಸುವ ಶ್ರಮ ಮಕ್ಕಳ ಪಾಲಿಗೆ ಬರಲೇ ಇಲ್ಲ. ಪಂಡಿತನ ವಿವರಣೆಯ ಶಕ್ತಿಯೇ ಮಕ್ಕಳ ಅಭ್ಯಾಸಕ್ಕೆ ಅಡ್ಡಿಯಾಯಿತು.

ಇಲ್ಲಿ ಎರಡು ದಾರಿಗಳಿವೆ. ‘ಗಣಿತದವನಿಗೆ ವ್ಯಾಕರಣವೇನು ಗೊತ್ತು?’ ಎಂದು ಕಲ್ಲೆಸೆಯುವುದು ಒಂದು. ಮರುದಿನ ಸೂತ್ರವನ್ನು ಹೇಳದೆ, ಮಕ್ಕಳು ಮನೆಯಲ್ಲಿ ಆಡುವ ಮಾತಿನಿಂದಲೇ ಹತ್ತು ಪದಗಳನ್ನು ಅವರಿಂದ ತರಿಸಿ, ಅವರೇ ಬಿಡಿಸಿ, ಅವರೇ ಗುಂಪು ಮಾಡಿ, ಕೊನೆಯಲ್ಲಿ ಸೂತ್ರವನ್ನು ಅವರ ಬಾಯಿಂದಲೇ ಬರಿಸುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಪಂಡಿತನ ವ್ಯಾಕರಣಜ್ಞಾನ ವ್ಯರ್ಥವಾಗುವುದಿಲ್ಲ; ಮಕ್ಕಳು ತರುವ ಅನಿರೀಕ್ಷಿತ ಪದಗಳನ್ನು ನಿರ್ವಹಿಸಲು ಅದು ಇಮ್ಮಡಿಯಾಗಿ ಬೇಕಾಗುತ್ತದೆ.

ಇದರಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ಮಕ್ಕಳು ಬಾಯಿಬಿಟ್ಟು ಗುರುವನ್ನು ತಿದ್ದಲಾರರು. ಆದರೆ ಅವರ ಉತ್ತರಪತ್ರಿಕೆಗಳು ತಿದ್ದುತ್ತವೆ. ಒಬ್ಬ ಹುಡುಗ ಮಾಡಿದ ತಪ್ಪು ಅವನದು. ಇಪ್ಪತ್ತು ಮಕ್ಕಳು ಒಂದೇ ತಪ್ಪನ್ನು ಮಾಡಿದ್ದರೆ ಅದು ಪಾಠದ್ದು. ಅಂಕ ಹಾಕಿ ಕಟ್ಟಿಡುವ ಮೊದಲು ಆ ಕಟ್ಟನ್ನು ತನ್ನ ಪಾಠದ ವಿಮರ್ಶೆಯೆಂದು ಓದುವವನಿಗೆ ಪರಿವೀಕ್ಷಕನ ಬರವಿಗಾಗಿ ಕಾಯಬೇಕಾಗಿಲ್ಲ.

ವಿಮರ್ಶೆಯ ಪಾಠಶೋಧನೆ

ಹಾಗೆಂದು ಬಂದ ಮಾತನ್ನೆಲ್ಲ ತಲೆಯ ಮೇಲೆ ಹೊರಬೇಕೆಂದಲ್ಲ. ಅಸೂಯೆಯ ಮಾತುಂಟು, ಅರೆತಿಳಿವಿನ ಮಾತುಂಟು. ಇವುಗಳಿಂದ ಸದ್ವಿಮರ್ಶೆಯನ್ನು ಬೇರ್ಪಡಿಸುವ ಬಗೆ ಹೇಗೆ? ಇದಕ್ಕೆ ಗ್ರಂಥಸಂಪಾದನಶಾಸ್ತ್ರದಿಂದ ಒಳ್ಳೆಯ ನೆರವು ದೊರೆಯುತ್ತದೆ. ಕನ್ನಡದಲ್ಲಿ ‘ಪಾಠ’ವೆಂಬ ಮಾತಿಗೆ ತರಗತಿಯ ಬೋಧನೆಯೆಂಬ ಅರ್ಥವೂ ಉಂಟು, ಗ್ರಂಥದ ಮೂಲವಾಕ್ಯವೆಂಬ ಅರ್ಥವೂ ಉಂಟು. ಎರಡಕ್ಕೂ ಶೋಧನೆ ಅಗತ್ಯ. ತಾಳೆಯೋಲೆಯ ಪ್ರತಿಗಳಲ್ಲಿ ಹೋಲುವ ಅಕ್ಷರಗಳು ಬದಲಾಗಿರುತ್ತವೆ. ಒಂದೇ ಪದ ಎರಡೆಡೆ ಬಂದಾಗ ಲಿಪಿಕಾರನ ಕಣ್ಣು ಜಾರಿ ನಡುವಣ ಭಾಗವೇ ಬಿಟ್ಟುಹೋಗಿರುತ್ತದೆ. ಇಂತಹ ಪಾಠಾಂತರಗಳ ನಡುವೆ ಸರಿಯಾದುದನ್ನು ಆರಿಸುವ ಕ್ರಮವನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿವರವಾಗಿ ನಿರೂಪಿಸಿದ್ದಾರೆ. ಆ ಶಾಸ್ತ್ರದ ಮೂರು ನಿಯಮಗಳು ವಿಮರ್ಶೆಯನ್ನು ಅಳೆಯುವುದಕ್ಕೂ ಒದಗುತ್ತವೆ.

ಮೊದಲನೆಯದು, ಪ್ರತಿಗಳ ಸಂಖ್ಯೆಗಿಂತ ಅವುಗಳ ಮೂಲ ಮುಖ್ಯ. ಹತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದರೂ, ಹತ್ತೂ ಒಂದೇ ಪ್ರತಿಯಿಂದ ಇಳಿದಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಹಾಗೆಯೇ ಒಬ್ಬನ ಚಾಡಿಯನ್ನು ಹತ್ತು ಮಂದಿ ಆಡಿದರೆ ಅದು ಹತ್ತು ವಿಮರ್ಶೆಗಳಾಗುವುದಿಲ್ಲ. ಆದರೆ ಪರಸ್ಪರ ಮಾತೇ ಆಡದ ಇಬ್ಬರು, ಒಬ್ಬ ಮುಖ್ಯೋಪಾಧ್ಯಾಯ ಮತ್ತು ಒಬ್ಬ ಹಳೆಯ ವಿದ್ಯಾರ್ಥಿ, ಒಂದೇ ಕೊರತೆಯನ್ನು ಹೇಳಿದರೆ ಅದನ್ನು ಕಡೆಗಣಿಸುವಂತಿಲ್ಲ.

ಎರಡನೆಯದು, ಸುಲಭವಾದ ಪಾಠಕ್ಕಿಂತ ಕ್ಲಿಷ್ಟವಾದ ಪಾಠವೇ ಮೂಲವಾಗಿರುವ ಸಂಭವ ಹೆಚ್ಚು. ಏಕೆಂದರೆ ಲಿಪಿಕಾರನು ಕಠಿನವನ್ನು ಸರಳಗೊಳಿಸುವುದು ಸಹಜ. ಹೊಗಳಿಕೆ ಸುಲಭವಾದ ಪಾಠ. ಹೇಳುವವನಿಗೂ ಸುಖ, ಕೇಳುವವನಿಗೂ ಸುಖ. ಸ್ನೇಹ ಕೆಡುವುದೆಂದು ತಿಳಿದೂ ಒಬ್ಬನು ಕಠಿನವಾದುದನ್ನು ಹೇಳಿದನೆಂದರೆ, ಅವನನ್ನು ಹಾಗೆ ಹೇಳಿಸಿದ ಕಾರಣವೇನೆಂದು ಪರಿಶೀಲಿಸುವುದು ವಿವೇಕ.

ಮೂರನೆಯದು, ಒಪ್ಪದ ಪಾಠವನ್ನೂ ಸಂಪಾದಕನು ಬಿಸಾಡುವುದಿಲ್ಲ; ಅಡಿಟಿಪ್ಪಣಿಯಲ್ಲಿ ಇಡುತ್ತಾನೆ. ಇಂದು ತಪ್ಪೆಂದು ತೋರಿದುದು ಮುಂದೆ ಇನ್ನೊಂದು ಪ್ರತಿ ಸಿಕ್ಕಾಗ ಸರಿಯಾಗಬಹುದು. ಉಪಾಧ್ಯಾಯನೂ ತಾನು ಒಪ್ಪದ ವಿಮರ್ಶೆಯನ್ನು ತನ್ನ ಟಿಪ್ಪಣಿಪುಸ್ತಕದಲ್ಲಿ ಬರೆದಿಟ್ಟು, ವರ್ಷದ ಕೊನೆಗೆ ಒಮ್ಮೆ ತೆರೆದು ನೋಡುವುದು ಲೇಸು.

ವಚನಸಾಹಿತ್ಯದ ಪ್ರಕಟಣೆಯ ಇತಿಹಾಸವೇ ಇದಕ್ಕೆ ಉಜ್ಜ್ವಲ ಸಾಕ್ಷಿ. ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಊರೂರು ಅಲೆದು ಓಲೆಗಳನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಆ ಬಳಿಕ ಹೆಚ್ಚಿನ ಪ್ರತಿಗಳನ್ನು ಪರಿಶೀಲಿಸಿ ಪರಿಷ್ಕೃತ ಆವೃತ್ತಿಗಳನ್ನು ಸಿದ್ಧಪಡಿಸಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು, ಎಂ. ಎಂ. ಕಲಬುರ್ಗಿಯವರು ಆ ಯೋಜನೆಯ ಪ್ರಧಾನ ಸಂಪಾದಕರಾಗಿದ್ದರು. ಹಿಂದಿನವರನ್ನು ತಿದ್ದಿದವರೆಲ್ಲರೂ ಹಳಕಟ್ಟಿಯವರಿಗೆ ತಲೆಬಾಗಿಯೇ ತಿದ್ದಿದರು. ‘ವಚನ ಪಿತಾಮಹ’ರೆಂಬ ಗೌರವಕ್ಕೆ ಇದರಿಂದ ಕುಂದು ಬರಲಿಲ್ಲ. ‘ಶೂನ್ಯಸಂಪಾದನೆ’ಯೂ ಹೀಗೆಯೇ ಬೆಳೆದ ಕೃತಿ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದುದನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ತಿದ್ದುಪಡಿ ಮತ್ತು ಕೃತಜ್ಞತೆ ಒಂದೇ ಮನಸ್ಸಿನಲ್ಲಿ ಇರಬಲ್ಲವು.

ವಿಮರ್ಶಿಸುವವರ ಹೊಣೆ

ಸ್ವೀಕರಿಸುವವನಿಗೆ ವಿನಯ ಬೇಕಾದಂತೆ ಹೇಳುವವನಿಗೆ ಹೊಣೆ ಬೇಕು. ಪ್ರಭುದೇವರಂತೆ ಕಟುವಾಗಿ ನುಡಿಯಲು ಪ್ರಭುದೇವರ ನಿರ್ಮಮತೆ ಇರಬೇಕು. ಅದಿಲ್ಲದವರಿಗೆ ಲಕ್ಕಮ್ಮನವರ ದಾರಿಯೇ ಕ್ಷೇಮ. ಮುಖ್ಯೋಪಾಧ್ಯಾಯನು ಪಾಠವನ್ನು ಪೂರ್ತಿ ಕೇಳಿದ ಮೇಲೆಯೇ ಮಾತನಾಡಲಿ. ಮೊದಲು ಉಪಾಧ್ಯಾಯನ ಬಲವನ್ನು ಹೆಸರಿಸಲಿ, ಕೊರತೆಯನ್ನು ಆ ಬಲದ ಸಂಬಂಧದಿಂದಲೇ ತೋರಿಸಲಿ. ‘ಪಾಠ ಚೆನ್ನಾಗಿರಲಿಲ್ಲ’ ಎಂಬುದು ವಿಮರ್ಶೆಯಲ್ಲ. ‘ಮಕ್ಕಳಿಗೆ ಪ್ರಶ್ನೆ ಕೇಳಿ ಅವರು ಯೋಚಿಸುವ ಮೊದಲೇ ತಾವು ಉತ್ತರ ಹೇಳಿಬಿಟ್ಟಿರಿ’ ಎಂಬುದು ವಿಮರ್ಶೆ. ಮೊದಲನೆಯ ಮಾತಿನಿಂದ ನೋವು ಮಾತ್ರ; ಎರಡನೆಯದರಿಂದ ನಾಳೆಯ ಪಾಠಕ್ಕೆ ದಾರಿ. ಮಕ್ಕಳ ಎದುರಿನಲ್ಲಿ ಉಪಾಧ್ಯಾಯನನ್ನು ತಿದ್ದುವುದಂತೂ ಸರ್ವಥಾ ಸಲ್ಲದು.

ಉಪಾಧ್ಯಾಯನು ಸೇವೆಯಲ್ಲಿರುವಾಗಲೂ ಕಲಿಯುತ್ತಿರಬೇಕೆಂಬುದನ್ನು ದೇಶದ ಶಿಕ್ಷಣ ಚಿಂತನೆ ಬಹುಕಾಲದಿಂದ ಹೇಳುತ್ತಿದೆ. ೧೯೬೪–೬೬ರ ಕೊಠಾರಿ ಆಯೋಗವು ಪ್ರತಿ ೫ ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ತರಬೇತಿಯನ್ನು ಶಿಫಾರಸು ಮಾಡಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿವಿಕಾಸವನ್ನು ಅಪೇಕ್ಷಿಸಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಕಿವಿ ಮುಚ್ಚಿದವನು ೫೦ ಗಂಟೆ ಕುಳಿತರೂ ಹಾಜರಿ ಪುಸ್ತಕ ತುಂಬುವುದೇ ಹೊರತು ಮತ್ತೇನೂ ಆಗದು. ತಿಂಗಳಿಗೊಮ್ಮೆ ಒಬ್ಬ ಉಪಾಧ್ಯಾಯನು ಪಾಠ ಮಾಡಿ, ಉಳಿದವರು ಕುಳಿತು ಕೇಳಿ, ಬಳಿಕ ಬಿಚ್ಚುಮನಸ್ಸಿನಿಂದ ಚರ್ಚಿಸುವ ಪದ್ಧತಿಯನ್ನು ಶಾಲೆಯೊಂದು ಇಟ್ಟುಕೊಂಡರೆ, ಅದಕ್ಕೆ ಹಣವೂ ಬೇಕಿಲ್ಲ, ಆದೇಶವೂ ಬೇಕಿಲ್ಲ. ಮೊದಲ ತಿಂಗಳ ಪಾಠವನ್ನು ಹಿರಿಯನೇ ಮಾಡಬೇಕೆಂಬುದೊಂದೇ ನಿಯಮ ಸಾಕು. ಹಿರಿಯನು ತಿದ್ದಿಸಿಕೊಂಡುದನ್ನು ಕಂಡ ಕಿರಿಯರು ತಾವಾಗಿಯೇ ಮುಂದೆ ಬರುತ್ತಾರೆ.

ಹಿಡಿ ಅಕ್ಕಿಯ ಋಣ

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯುಂಟು. ಅನೇಕ ಪ್ರಸಾದನಿಲಯಗಳು ನಡೆದು ಬಂದುದು ಭಕ್ತರು ಮನೆಮನೆಯಲ್ಲಿ ಎತ್ತಿಟ್ಟ ಹಿಡಿ ಅಕ್ಕಿಯಿಂದ, ಹಿಡಿ ಜೋಳದಿಂದ, ರಾಗಿಯಿಂದ. ತಾನು ಓದಲಾರದ ತಾಯಿಯೊಬ್ಬಳು ಯಾರದೋ ಮಗು ಓದಲೆಂದು ತನ್ನ ಒಲೆಯ ಮುಂದಿನಿಂದ ಎತ್ತಿಟ್ಟ ಧಾನ್ಯ ಅದು. ಆ ಪ್ರಸಾದವನ್ನುಂಡು ತರಗತಿಯಲ್ಲಿ ಕುಳಿತ ಹಳ್ಳಿಯ ಹುಡುಗನಿಗೆ ಮನೆಯಲ್ಲಿ ಪಾಠ ಹೇಳುವವರಿಲ್ಲ. ಬೇರೆ ಪುಸ್ತಕವಿಲ್ಲ, ಬೇರೆ ಗುರುವಿಲ್ಲ. ಅವನ ಪಾಲಿಗೆ ಬಂದಿರುವುದು ಈ ಒಬ್ಬ ಉಪಾಧ್ಯಾಯ, ಈ ಒಂದು ವರ್ಷ. ಉಪಾಧ್ಯಾಯನು ತಿದ್ದಿಕೊಳ್ಳದ ಒಂದು ದೋಷವು, ವರ್ಷಕ್ಕೆ ನೂರು ಮಕ್ಕಳಂತೆ ಎಣಿಸಿದರೂ, ಮೂವತ್ತು ವರ್ಷಗಳಲ್ಲಿ ಮೂರು ಸಾವಿರ ಮಕ್ಕಳ ಬರಹಕ್ಕೆ, ಮಾತಿಗೆ, ಬಾಳಿಗೆ ಇಳಿಯುತ್ತದೆ. ತಿದ್ದಿಕೊಂಡ ಒಂದು ಗುಣವೂ ಅಷ್ಟೇ ಮಂದಿಗೆ ಇಳಿಯುತ್ತದೆ.

ಮಾರಯ್ಯನವರು ಅಕ್ಕಿಯ ಲೆಕ್ಕದಲ್ಲಿ ಒಂದು ಕಾಳಿಗೂ ಎಚ್ಚರದಿಂದಿದ್ದರು. ಆ ಎಚ್ಚರವನ್ನು ತಪ್ಪದಂತೆ ಕಾದವರು ಲಕ್ಕಮ್ಮನವರು. ಅಂತಹ ಒಂದು ದನಿಯನ್ನು ತನ್ನ ಸುತ್ತ ಉಳಿಸಿಕೊಂಡ ಉಪಾಧ್ಯಾಯನು ಭಾಗ್ಯವಂತ. ಆ ದನಿಗೆ ಎಡೆಕೊಟ್ಟ ಶಾಲೆಯಲ್ಲಿ ದಾನಿಯ ಧಾನ್ಯವೂ ವ್ಯರ್ಥವಾಗದು, ಗುರುವಿನ ವಿದ್ಯೆಯೂ ಬತ್ತದು.